ಮೇಷ್ಟರ ಎಳನೀರಿನ ಸೀಸೆ

ನನ್ನ ಪಾಪು ಕುಡಿದದ್ದು ಬರೀ ಎಳನೀರಲ್ಲ ಎಂಬ ಅಳುಕು ನನ್ನನ್ನು ಬಿಡುತ್ತಿಲ್ಲ. ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ನಮ್ಮ ಪಕ್ಕದ ಮನೆಯ ಸಸ್ಯಶಾಸ್ತ್ರದ ಮೇಷ್ಟರು ಅಶ್ವತ್ಥಪ್ಪ, ಎಳನೀರಿನ ಸೀಸೆಗಳಲ್ಲಿ ಕ್ಯಾರೆಟ್ಟಿನ ಜೀವಕೋಶ ಬೆಳೆಸುತ್ತಾರೆ. ಗಣಿಯಾಳದಲ್ಲಿ ಬಂಡೆ ಸಿಡಿದು ಮನೆ ನಡುಗಿದರೆ ಸೀಸೆಗಳನ್ನು ಎದೆಗವಚಿಕೊಂಡು, "ಏನೂ ಆಗಲ್ಲ ಕಣಮ್ಮ!" ಎಂದು ನನಗೇ ಧೈರ್ಯ ಹೇಳುತ್ತಾರೆ. ಆ ಕೋಶಗಳು ಎಳನೀರಿಗೆ ಕಿಣ್ವವೆಂಬ ರಸ ಬಿಡುತ್ತವಂತೆ. ಅದನ್ನು ಹನಿಸಿದರೆ ಗಟ್ಟಿ ರಾಗಿಸರಿಯೂ ನೀರಾಗುವುದನ್ನು ಬೀದಿಗೆಲ್ಲ ತೋರಿಸುತ್ತಾರೆ. ಪುಟ್ಟ ಹೊಟ್ಟೆಯನ್ನು ಅದು ಬಿಟ್ಟೀತೆ? ಇವತ್ತು ಪಾಪುವಿನ ಕೈಯಲ್ಲಿ ಅರ್ಧ ಖಾಲಿಯಾದ ಸೀಸೆ ಕಂಡಾಗ ಮಾತ್ರ ಮೇಷ್ಟರ ಬಾಯಿಂದ ಆ "ಏನೂ ಆಗಲ್ಲ" ಬರಲಿಲ್ಲ. ಉಳಿದದ್ದನ್ನು ತಾವೇ ಗಟಗಟ ಕುಡಿದು ನಮ್ಮ ಮೆಟ್ಟಿಲ ಮೇಲೆ ಕುಳಿತರು. "ನಂಗೇನಾಗ್ತದೋ ನೋಡ್ತಿರ್ತೀನಿ. ನೀನು ಆಸ್ಪತ್ರೆಗೆ ಫೋನ್ ಮಾಡಮ್ಮ." ಮೂಲೆಯಂಗಡಿಯಿಂದ ಫೋನ್ ಮಾಡಿ ಇಬ್ಬರ ಹೆಸರನ್ನೂ ಹೇಳಿದೆ.