ಅತ್ತೆ ಮೇಯಿಸಿದ ಪಾಚಿ

ನಮ್ಮ ಬೀದಿಯಲ್ಲಿ ಬೇರೆಯವರು ಹಿತ್ತಲಲ್ಲಿ ಕೋಳಿ ಸಾಕಿದರೆ ಅವಳು ಪಾಚಿ ಸಾಕಿದಳು. ಹಾಗಾಗಿ ಪಾಚಿಯಕ್ಕ. ಆಳವಿಲ್ಲದ ಸಿಮೆಂಟ್ ತೊಟ್ಟಿ, ಗೇಣು ನೀರು, ತಳದಲ್ಲಿ ಜರಡಿ ಹಿಡಿದ ಮಣ್ಣು, ಮೇಲೆ ನೀಲಿಗಪ್ಪು ಕೆನೆ. ಆ ಕೆನೆಯನ್ನು ನಾಟಿಯಾದ ಗದ್ದೆಯ ನಿಂತ ನೀರಿಗೆ ಎರಚಿದರೆ ಅದು ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಉಣಿಸುತ್ತದೆ. ಅವಳ ಪಾಚಿ ಬಿದ್ದ ಗದ್ದೆಯಲ್ಲಿ ಭತ್ತ ಎಷ್ಟೆತ್ತರ ಬೆಳೆಯಿತೆಂದರೆ, ಗುಬ್ಬಿಗಳು ಏಣಿ ಹಾಕಿಕೊಂಡು ತೆನೆ ತಿಂದವು. ಏಣಿ ಹಿಡಿದವನು ನಾನೇ.

ಅದನ್ನು ಕಂಡು ಮರುವರ್ಷ ಅವಳ ಮಾತು ನಂಬಿ ಬೀದಿಯವರೆಲ್ಲ ಯೂರಿಯಾ ತರಿಸದೆ ನಾಟಿ ಮುಗಿಸಿದ್ದರು. ಹಂಗಾಮು ಶುರುವಾದ ಮೇಲೆ ಅಂಗಡಿಯಲ್ಲಿ ಯೂರಿಯಾ ಸಿಗುವುದಿಲ್ಲ; ಪಾಚಿ ಕೈಕೊಟ್ಟರೆ ಎಲ್ಲರ ಬೆಳೆಯೂ ಹೋದಂತೆ.

ತೊಟ್ಟಿಯನ್ನು ಅತ್ತೆಗೆ ಒಪ್ಪಿಸಿ, ಬೇರೆ ಊರಲ್ಲಿ ಕಾಯಿಲೆ ಬಿದ್ದ ತಂಗಿಯನ್ನು ಮೂರು ವಾರ ನೋಡಿಕೊಂಡು ಪಾಚಿಯಕ್ಕ ಮರಳಿದಾಗ ತೊಟ್ಟಿ ಗಿಣಿಹಸಿರಾಗಿ ಹೊಳೆಯುತ್ತಿತ್ತು. ಕೈ ಅದ್ದಿದಳು. ಜಾರುವ ಕೆನೆಯಿಲ್ಲ, ಹಸಿ ಕೂದಲಿನಂಥ ಎಳೆಗಳು ಬೆರಳಿಗೆ ಸುತ್ತಿಕೊಂಡವು.

"ಅತ್ತೆ, ಇದಕ್ಕೇನು ಹಾಕಿದ್ರಿ?"

"ಬಡಕಲಾಗಿತ್ತು ಪಾಪ. ಮೂಲೇಲಿ ಹಳೇ ಯೂರಿಯಾ ಇತ್ತಲ್ಲ, ದಿನಾ ಒಂದು ಹಿಡಿ ಹಾಕ್ದೆ. ನೋಡು, ಹೇಗೆ ಮೈ ತುಂಬ್ಕೊಂಡಿದೆ!"

ಅಕ್ಕ ಎಳೆಗಳನ್ನು ಬೆರಳಿನಿಂದ ಬಿಡಿಸಿ ಎಸೆದಳು. "ಯೂರಿಯಾದಲ್ಲಿರೋದೂ ಸಾರಜನಕಾನೇ. ಕೂತಲ್ಲಿಗೇ ಊಟ ಬಂದ್ರೆ ಯಾರು ದುಡೀತಾರೆ ಅತ್ತೆ? ನಮ್ಮ ಪಾಚಿ ಕೆಲಸ ಬಿಟ್ಟಿದೆ. ಅದನ್ನ ಮುಚ್ಚಿ ಬೇರೆ ಯಾವುದೋ ಬೆಳೆದಿದೆ. ಇದು ಪೈರಿಗೆ ಕೊಡೋದಲ್ಲ, ಪೈರಿನ ಪಾಲು ತಿನ್ನೋದು."

"ನನ್ನ ಮಗನ ಥರಾನೇ ಅನ್ನು," ಎಂದು ಅತ್ತೆ ನಕ್ಕರು.

ಅಕ್ಕ ನಗಲಿಲ್ಲ. "ಯಾರಿಗೂ ಕೊಟ್ಟಿಲ್ಲ ತಾನೆ?"

"ಅಯ್ಯೋ, ಎಲ್ಲರಿಗೂ ಕೊಟ್ಟೆ! ಹೋದ ವಾರ ಹಸಿಯಾಗೇ ಬುಟ್ಟಿ ತುಂಬ್ಕೊಂಡು ಹೋದ್ರು. ನಿನ್ನ ಹೆಸರು ಹೇಳೇ ಹಂಚಿದೀನಿ."

ಅಕ್ಕ ಚಪ್ಪಲಿ ಮೆಟ್ಟದೆ ಗದ್ದೆಗೆ ಓಡಿದಳು. ಬದುವಿನ ಮೇಲೆ ಪಕ್ಕದ ಮನೆಯ ಮೀಸೆ ಮಾವ ಹಿಗ್ಗಿ ಹೀರೇಕಾಯಿಯಾಗಿ ನಿಂತಿದ್ದ. ನೀರು ಕಾಣದಷ್ಟು ಹಸಿರು. ಕಪ್ಪೆಗಳೂ ದಾರಿ ಕೇಳಿಕೊಂಡು ಹೋಗಬೇಕಿತ್ತು.

"ಬಾರಮ್ಮ! ನಿನ್ನ ಪಾಚಿ ಮೇಲೆ ಹಾಸಿಗೆ ಹಾಸ್ಕೊಂಡು ಮಲಗಬಹುದು!"

"ಕೆಳಗಿನ ಎಲೆ ಯಾಕೆ ಮಾವ ಹಳದಿ?"

"ಬಿಸಿಲಿಗಿರಬೇಕು ಬಿಡು."

ಅವಳು ಬಗ್ಗಿ ಒಂದು ಗರಿ ಕಿತ್ತು ಅವನ ಅಂಗೈಯಲ್ಲಿಟ್ಟಳು. ತುದಿಯಿಂದ ನಡುವಿನವರೆಗೆ ಹಳದಿ ಇಳಿದಿತ್ತು. ಮಾವನ ಮೀಸೆ ನಿಧಾನವಾಗಿ ಇಳಿಯಿತು.

"ಇದನ್ನೆಲ್ಲ ಬಾಚಿ ಎಸೆದ್ರೆ?"

"ಎಸೀಬಹುದು."

"ಆಮೇಲೆ ಪೈರು ಏನು ತಿನ್ನುತ್ತಮ್ಮ?"

ಅಕ್ಕ ಗದ್ದೆಗಿಳಿದು ಒಂದು ಬೊಗಸೆ ಹಸಿರು ಬಾಚಿ ಬದುವಿಗೆ ಎಸೆದಳು. ದೂರದ ಬದುಗಳಲ್ಲಿದ್ದ ಮಿಕ್ಕವರು ಅವಳನ್ನು ಗುರುತು ಹಿಡಿದು, ಖುಷಿಯಿಂದ ಕೈಬೀಸುತ್ತ ಒಬ್ಬೊಬ್ಬರಾಗಿ ಇತ್ತ ಬರತೊಡಗಿದ್ದರು.