ಯಡಿಯೂರಿಗೆ ಬಂದ ಕರಾವಳಿಯ ಹಲ್ಲಿ

೧೯೭೮ರಲ್ಲಿ ನಾನು ಜಯನಗರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮ್ಯೂಸಿಯಂ ಕೀಪರ್ ಆಗಿದ್ದೆ. ಹಾವು, ಕಪ್ಪೆ, ಹಲ್ಲಿಗಳನ್ನು ಹಿಡಿದು ತಂದು ಫಾರ್ಮಲಿನ್ ತುಂಬಿದ ಬಾಟಲಿಯಲ್ಲಿಟ್ಟು ಚೀಟಿ ಅಂಟಿಸುವುದು ನನ್ನ ಕೆಲಸ. ಮನೆಗೆ ಹೋದರೆ ನನ್ನಾಕೆ ಮೊದಲು ಕೈ ತೊಳೆಸುತ್ತಿದ್ದಳು, ಆಮೇಲೆ ಮಾತು.

ಆ ವರ್ಷ ನಮ್ಮ ಪ್ರೊಫೆಸರಿಗೆ ಒಂದು ಅನುಮಾನ ಬಂತು. ನಮ್ಮ ಕಡೆಯ ಗೋಡೆ ಹಲ್ಲಿ ಅಪರೂಪಕ್ಕೊಮ್ಮೆ, ಅದೂ ಮೆಲ್ಲಗೆ ಲೊಚಗುಟ್ಟುತ್ತದೆ. ಕರಾವಳಿಯದು ಬೇರೆ ಜಾತಿ. ಬಾಲದ ಮೇಲೆ ಸಣ್ಣ ಮುಳ್ಳುಗಳ ಸಾಲು, ದನಿ ಜೋರು, ಒಂದೇ ಉಸಿರಿಗೆ ಐದಾರು ಸಲ ಲೊಚ ಲೊಚ. ಅದು ಸರಕಿನ ಲಾರಿಗಳಲ್ಲಿ ಬೆಂಗಳೂರಿಗೆ ಬಂದಿಳಿಯುತ್ತಿದೆಯೆ? ಹೀಗೆ ಮನುಷ್ಯರ ಜತೆ ಬಂದು ತನ್ನದಲ್ಲದ ಊರಿನಲ್ಲಿ ನೆಲೆಸುವ ಜೀವಿಯನ್ನು ಇಂಟ್ರೊಡ್ಯೂಸ್ಡ್ ಸ್ಪೀಷೀಸ್ ಎನ್ನುತ್ತೇವೆ.

"ಕಿವೀಲಿ ಕೇಳಿದ್ದು ದಾಖಲೆ ಅಲ್ಲ ಕಣ್ರೀ. ಬಾಟಲೀಲಿ ತನ್ನಿ" ಎಂದರು ಪ್ರೊಫೆಸರ್.

ಹೆಂಚಿನ ಡಿಪೋಗಳಿಂದ ಶುರು ಮಾಡಿದೆ. ಮಂಗಳೂರು ಹೆಂಚಿನ ನಡುವೆ ಒಣಹುಲ್ಲು ತುಂಬಿ ತರುತ್ತಿದ್ದರು. ಹಲ್ಲಿಗೆ ಅದಕ್ಕಿಂತ ಒಳ್ಳೆಯ ಸ್ಲೀಪರ್ ಬರ್ತ್ ಬೇಕೆ? ಯಡಿಯೂರು ಕೆರೆಯ ಹತ್ತಿರ ಮುನಿಯಪ್ಪ ಎಂಬವರ ಡಿಪೋ, ಅದರ ಹಿಂದೆಯೇ ಅವರ ಮನೆ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರ ನಡುಮನೆಯ ಗೋಡೆಯಿಂದ ಆ ದನಿ ಕೇಳಿಯೇಬಿಟ್ಟಿತು. ಮುನಿಯಪ್ಪನವರ ಹೆಂಡತಿ ಗಿರಿಜಮ್ಮ ನೆಲಕ್ಕೆ ಮೂರು ಸಲ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಎಂದರು. ಅವರ ಮುಖ ಅರಳಿತ್ತು.

ಗಿರಿಜಮ್ಮ ಬಂಟ್ವಾಳದ ಕಡೆಯವರು. ಹೆಂಚು ತರಲು ಹೋಗಿದ್ದ ಮುನಿಯಪ್ಪನವರನ್ನು ಜಾತಿ ಮೀರಿ ಮದುವೆಯಾಗಿ ಬಂದವರು. ಅಂದಿನಿಂದ ತವರಿನ ಬಾಗಿಲು ಮುಚ್ಚಿತ್ತು.

ನಾನು ಸ್ಟೂಲ್ ಹತ್ತಿ ಹಲ್ಲಿಯನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡೆ.

"ಅದನ್ನ ಏನ್ ಮಾಡ್ತೀರಿ ಸಾರ್?"

"ಬಾಟಲೀಲಿ ಇಡ್ತೀವಮ್ಮ. ದಾಖಲೆಗೆ."

"ಸಾಯ್ತದಾ?"

ನಾನು ಚೀಲದ ಬಾಯಿ ಕಟ್ಟುವುದರಲ್ಲಿ ಮಗ್ನನಾದಂತೆ ನಟಿಸಿದೆ.

"ಹದಿನಾಲ್ಕು ವರ್ಷ ಆಯ್ತು. ನಮ್ಮೂರಿಂದ ನನ್ನನ್ನ ನೋಡ್ಲಿಕ್ಕೆ ಬಂದದ್ದು ಅದೊಂದೇ" ಎಂದರು. ಬೆಂಗಳೂರಿನ ಮಾತಿಗೆ ಪಳಗಿದ್ದ ಅವರ ನಾಲಿಗೆ ಆಗ ಊರಿನ ಕಡೆಗೇ ತಿರುಗಿತ್ತು.

ಆದರೂ ಹಲ್ಲಿಯನ್ನು ಕಾಲೇಜಿಗೆ ತಂದೆ. ಚೀಟಿಯಲ್ಲಿ 'ಯಡಿಯೂರು, ಬಂದ ಬಗೆ: ಹೆಂಚಿನ ಲಾರಿ' ಎಂದು ಬರೆದೆ. ಪ್ರೊಫೆಸರ್ ಬೆನ್ನು ತಟ್ಟಿದರು.

ಮುಂದಿನ ವಾರ ಹೋದಾಗ ಗಿರಿಜಮ್ಮ ಬೈಯಲಿಲ್ಲ, ಕಾಫಿ ಕೊಟ್ಟರು. ಮಾತಿನ ನಡುವೆ ಆಗಾಗ ಗೋಡೆ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಎರಡು ತಿಂಗಳ ಮೇಲೆ ಮಾದರಿ ಸಂಗ್ರಹಕ್ಕೆ ಮಂಗಳೂರಿಗೆ ಹೋದೆ. ಲಾಡ್ಜಿನ ಗೋಡೆಯಿಂದ ಒಂದು ಗಂಡು, ಒಂದು ಹೆಣ್ಣು ಹಿಡಿದೆ. ಅವಕ್ಕೆ ಬಾಟಲಿ ತೆಗೆಯಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದು ಗಿರಿಜಮ್ಮನ ಗೋಡೆಗೇ ಬಿಟ್ಟೆ.

"ಗಂಡ ಹೆಂಡ್ತಿಯಾ ಸಾರ್?" ಎಂದು ನಕ್ಕರು. ಹೌದೆಂದೆ. "ಪಾಪ, ಹಾಗಾದ್ರೆ ಇವಕ್ಕೂ ಇನ್ನು ಊರಿಗೆ ಹೋಗ್ಲಿಕ್ಕಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಹೊರಗಿನ ಜೀವಿ ಹೇಗೆ ಹರಡುತ್ತದೆಂದು ಬರೆದಿಡಬೇಕಾದವನೇ ಅದನ್ನು ತಂದು ಬಿಟ್ಟಿದ್ದೆ.

ಎಂಬತ್ತರ ದಶಕದ ನಡುವಿಗೆ ಬನಶಂಕರಿ, ಕತ್ರಿಗುಪ್ಪೆ, ಸುದ್ದಗುಂಟೆಪಾಳ್ಯದ ಹೊಸ ಮನೆಗಳ ಟ್ಯೂಬ್‌ಲೈಟುಗಳ ಸುತ್ತ ಅದೇ ದನಿ. ಲಾರಿಯವು ಎಷ್ಟೋ, ನನ್ನವು ಎಷ್ಟೋ. ನಮ್ಮ ಹಳೆಯ ಹಲ್ಲಿ ಗೋಡೆ ಬಿಟ್ಟು ಕಾಂಪೌಂಡಿಗೆ ಸರಿಯಿತು. ಆಮೇಲೆ ನಮ್ಮ ಬೀದಿಯಲ್ಲಿ ಅಲ್ಲೂ ಕಾಣಲಿಲ್ಲ. ಪ್ರೊಫೆಸರ್ ವರದಿ ಕೇಳಿದಾಗ ಹರಡಿದ ಬಗೆ ಎಂಬ ಕಡೆ 'ಲಾರಿ' ಎಂದಷ್ಟೇ ಬರೆದೆ. ಪೂರ್ತಿ ಸುಳ್ಳಲ್ಲ.

ಈಗ ಸಂಜೆಯಾದರೆ ನನ್ನ ಮನೆಯಲ್ಲೂ ಜೋರು ಲೊಚಗುಟ್ಟುವಿಕೆ. ನಮ್ಮಜ್ಜಿಯ ಕಾಲದಲ್ಲಿ ಹಲ್ಲಿಯ ಮಾತು ಕೇಳಲು ಎಲ್ಲರೂ ಮಾತು ನಿಲ್ಲಿಸಬೇಕಿತ್ತು. ಆ ಮೆಲುದನಿಗಾಗಿ ನನ್ನ ಜೀವ ಹಂಬಲಿಸುತ್ತದೆ. ಊರು ಬಿಟ್ಟವರಿಗಷ್ಟೇ ಊರಿನ ಹಂಬಲ ಎಂದುಕೊಂಡಿದ್ದೆ; ಊರಲ್ಲೇ ಉಳಿದವನಿಗೂ ಅದು ತಪ್ಪಿದ್ದಲ್ಲ ಎಂದು ಈ ಕೆಲಸ ಕಲಿಸಿತು. ಗಿರಿಜಮ್ಮನಿಗೆ ತಂದುಕೊಡಲು ಮಂಗಳೂರಿತ್ತು. ನನ್ನೂರಿನ ಆ ಹಳೆಯ ಹಲ್ಲಿ ಕಾಲೇಜಿನ ಬೀರುವಿನಲ್ಲಿ, ಬಾಟಲಿಯೊಳಗಿದೆ. ಚೀಟಿ ಅಂಟಿಸಿದ್ದೂ ನಾನೇ.