ಇಳೈಪ್ಪಿನ ಮಾತ್ರೆ

ವನಮಾಲಾ ದಪ್ಪಗಿದ್ದಳು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಕೊಯಮತ್ತೂರಿನ ರಾಜವೀದಿಯ ಹಿಂದಿನ ಆ ಗಲ್ಲಿಯಲ್ಲಿ ಯಾರೂ ಸುತ್ತಿ ಬಳಸಿ ಹೇಳುತ್ತಲೂ ಇರಲಿಲ್ಲ. ಅತ್ತೆ ಸರಸ್ವತಮ್ಮನವರಂತೂ ಮನೆಗೆ ಬಂದವರ ಮುಂದೆಯೇ, "ನಮ್ಮನೇಲಿ ಒರಳುಕಲ್ಲು ಎರಡು. ಒಂದು ಕೂತಿರತ್ತೆ, ಒಂದು ಓಡಾಡತ್ತೆ" ಎಂದು ಚಟಾಕಿ ಹಾರಿಸುತ್ತಿದ್ದರು. ಬಂದವರು ನಗುತ್ತಿದ್ದರು. ವನಮಾಲಾಳೂ ನಗುತ್ತಿದ್ದಳು. ನಗದಿದ್ದರೆ ಸೊಸೆಗೆ ಸಿಡುಕು ಎಂಬ ಇನ್ನೊಂದು ಹೆಸರು ಬರುತ್ತಿತ್ತು.

ಮದುವೆಯಾಗಿ ಈ ಮನೆ ಹೊಕ್ಕಾಗ ಅವಳು ಕಡ್ಡಿಯ ಹಾಗಿದ್ದಳು. ಭಾಮಾ ಹುಟ್ಟಿದ ಮೇಲೆ ಬಾಣಂತನದಲ್ಲಿ ಸರಸ್ವತಮ್ಮನವರೇ ಪಕ್ಕದಲ್ಲಿ ಕೂತು ಅನ್ನಕ್ಕೆ ತುಪ್ಪ ಸುರಿದು ತಿನ್ನಿಸಿದರು. ತುಪ್ಪ ಸುರಿದವರೂ ಅವರೇ, ದಪ್ಪ ಎಂದವರೂ ಅವರೇ. ಆಮೇಲೆ ಮನೆಯ ಪದ್ಧತಿಯೊಂದು ಬೇರೆ ಇತ್ತು. ಎಲ್ಲರದೂ ಊಟವಾದ ಮೇಲೆ ಸೊಸೆ ಉಣ್ಣಬೇಕು, ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಬಾರದು. ಉಳಿದ ಅನ್ನ, ಉಳಿದ ಹುಳಿ, ತಳ ಹಿಡಿದ ಪಾಯಸ, ಎಲ್ಲಕ್ಕೂ ಇದ್ದದ್ದು ಒಂದೇ ಹೊಟ್ಟೆ. ಮನೆಯವರ ಮಿತಾಹಾರವೆಲ್ಲ ಅವಳ ಮೈಮೇಲೆ ಬಂದು ಕೂತಿತು ಎಂದರೆ ತಪ್ಪಲ್ಲ.

ಗಂಡ ಚಂದ್ರಶೇಖರ ಮಿಲ್ಲುಗಳಿಗೆ ಯಂತ್ರದ ಬಿಡಿಭಾಗ ಮಾರುವ ಕಂಪನಿಯೊಂದರ ಏಜೆಂಟು. ಕೆಟ್ಟವನೆಂದು ಯಾರೂ ಹೇಳುವ ಹಾಗಿರಲಿಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಐವತ್ತೇಳನೇ ಇಸವಿಯಲ್ಲಿ ಕಂಪನಿ ಅವನಿಗೊಂದು ಸ್ಕೂಟರು ಕೊಟ್ಟಿತು. ಸೂಲೂರು, ಅವಿನಾಶಿ ಎಂದು ಬಸ್ಸಿನಲ್ಲಿ ಅಲೆಯುತ್ತಿದ್ದವನು ಹಸಿರು ಸ್ಕೂಟರಿನ ಮೇಲೆ ಕೂತು ತಲೆ ನೆಟ್ಟಗೆ ಮಾಡಿದ. ಗಲ್ಲಿಯಲ್ಲಿ ಅದೇ ಮೊದಲ ಸ್ಕೂಟರು. ಆಯುಧಪೂಜೆಯ ದಿನ ವನಮಾಲಾ ಅದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಹಿಂದಿನ ಸೀಟನ್ನು ಸೆರಗಿನಿಂದ ಒರೆಸಿದಳು.

"ಏನ್ರೀ, ಸಾಯಂತ್ರ ಪೇರೂರು ದೇವಸ್ಥಾನಕ್ಕೆ ಹೋಗಿ ಬರೋಣ್ವಾ?"

ಚಂದ್ರಶೇಖರ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹೋಗಬೌದು. ಆದ್ರೆ ಸ್ಪ್ರಿಂಗ್ ತಾಂಗಬೇಕಲ್ಲ ವನಾ. ಕಂಪನಿ ವಂಡಿ ಇದು."

ಅಷ್ಟೇ ಹೇಳಿದ್ದು. ಅವನ ಹೊಟ್ಟೆಯೂ ಪಂಚೆಯ ಮೇಲೆ ಸೊಂಪಾಗಿಯೇ ಇತ್ತು, ಸ್ಪ್ರಿಂಗು ಅದನ್ನು ತಾಳುತ್ತಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎತ್ತಿ ತೋರಿಸುವುದು ನಮ್ಮ ಗಂಡಸರ ಹಳೆಯ ಚಾಳಿ. ಆ ಹೊತ್ತಿನಿಂದ ವನಮಾಲಾಳಿಗೆ ಬೇಕಾದದ್ದು ಒಂದೇ ಆಯಿತು. ಒಡವೆಯಲ್ಲ, ಸೀರೆಯಲ್ಲ. ಗಂಡನ ಬೆನ್ನ ಹಿಂದೆ, ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುವ ಹಾಗೆ ಕೂತು ಹೋಗಬೇಕು. ನನ್ನ ಹೆಂಡತಿ ಎಂದು ಅವನು ತನ್ನನ್ನು ಬೀದಿಗೆ ತೋರಿಸಬೇಕು.

ಅವಳು ರಾತ್ರಿಯೂಟ ಬಿಟ್ಟಳು, ಏಕಾದಶಿ ಮಾಡಿದಳು, ಬೆಳಿಗ್ಗೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದಳು. ಸಂಜೆಗೆ ಕೈಕಾಲು ಸೋತು ಬಂದಾಗ ಉಳಿದ ಉಪ್ಪಿಟ್ಟು ಬಾಣಲೆಯಿಂದ ಕರೆಯುತ್ತಿತ್ತು. ಮೈ ಜಗ್ಗಲಿಲ್ಲ.

ಹೀಗಿರುವಾಗ ಒಂದು ದಿನ, ಅತ್ತೆಯ ಮಂಡಿನೋವಿನ ತೈಲಕ್ಕೆಂದು ಔಷಧದಂಗಡಿಗೆ ಹೋದವಳ ಕಣ್ಣಿಗೆ ಒಂದು ತಗಡಿನ ಬೋರ್ಡು ಬಿತ್ತು. ಅವಳ ಮನೆಮಾತು ಕನ್ನಡ, ಓದಲು ಬರುವುದು ತಮಿಳು. ಕನ್ನಡದ ಅಕ್ಷರ ಅವಳ ತಂದೆಗೂ ಬರುತ್ತಿರಲಿಲ್ಲ. ಬೋರ್ಡಿನಲ್ಲಿ ತಮಿಳಿನಲ್ಲಿ ಬರೆದಿತ್ತು: 'ಇಳೈಪ್ಪುಕ್ಕು ಕೈಕಂಡ ಮಾತ್ತಿರೈ.' ಇಳೈಪ್ಪಿಗೆ ಅನುಭವಸಿದ್ಧ ಮಾತ್ರೆ.

ಇಲ್ಲಿ ಒಂದು ಮಾತು ಹೇಳಬೇಕು. ತಮಿಳಿನಲ್ಲಿ ಇಳೈಪ್ಪು ಎಂದರೆ ಮೈ ಇಳಿದು ತೆಳ್ಳಗಾಗುವುದೂ ಹೌದು, ಏದುಸಿರು ಬರುವ ಉಬ್ಬಸದ ಕಾಯಿಲೆಯೂ ಹೌದು. ತಮಿಳು ಮನೆಯಲ್ಲಿ ಹುಟ್ಟಿದ ಮಗುವಿಗೂ ಎರಡೂ ಗೊತ್ತು. ಆ ಊರಿನ ನಮ್ಮ ಕನ್ನಡದವರ ಮನೆಗಳಲ್ಲಿ ಹಾಗಲ್ಲ. ಉಬ್ಬಸಕ್ಕೆ ಉಬ್ಬಸ ಎಂಬ ನಮ್ಮದೇ ಮಾತಿತ್ತು, ಆದ್ದರಿಂದ ಅದನ್ನು ಯಾರೂ ಎರವಲು ತರಲಿಲ್ಲ. ತಂದದ್ದು ಇನ್ನೊಂದು ಅರ್ಧವನ್ನು ಮಾತ್ರ. "ಏನೇ, ಇಷ್ಟು ಇಳೈಚ್ಚಿಟ್ಟಿದ್ದೀಯ, ತವರಿನವರು ಅನ್ನ ಹಾಕ್ಲಿಲ್ವಾ?" ಎಂದು ಕೇಳುವಾಗ ಬರುವ ಇಳೈಪ್ಪು ಅದು. ಹಾಗಾಗಿ ಬೋರ್ಡು ಕಂಡ ವನಮಾಲಾಳಿಗೆ ತೆಳ್ಳಗಾಗಲು ಮಾತ್ರೆ ಬಂದಿದೆ ಎಂದೇ ಅರ್ಥವಾಯಿತು. ದೇವರೇ ಬೋರ್ಡು ಬರೆಸಿದ ಎಂದುಕೊಂಡಳು.

ಅಂಗಡಿಯ ವೆಂಕಟಾಚಲಂ, "ಯಾರುಕ್ಕುಮ್ಮಾ ಇಳೈಪ್ಪು?" ಎಂದು ಕೇಳಿದ. ಯಾರಿಗೆ ಎಂಬ ಪ್ರಶ್ನೆಗೆ ಅವಳಿಗೆ ನಾಚಿಕೆಯಾಯಿತು. ನನಗೇ ಎಂದರೆ ಅಂಗಡಿಯಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ. "ಎಂಗ ಮಾಮಿಯಾರುಕ್ಕು" ಎಂದು ಅತ್ತೆಯ ತಲೆಗೆ ಕಟ್ಟಿದಳು. ವಯಸ್ಸಾದವರಿಗೆ ಉಬ್ಬಸ ಇರುವುದೇ ತಾನೆ ಎಂದುಕೊಂಡ ವೆಂಕಟಾಚಲಂ ಮರುಮಾತಾಡದೆ ಸೀಸೆ ಕೊಟ್ಟ. ದಿನಕ್ಕೊಂದು, ಕಷ್ಟ ಜಾಸ್ತಿಯಿದ್ದರೆ ಎರಡು ಎಂದ. ತನ್ನ ಕಷ್ಟ ಜಾಸ್ತಿಯೇ ಎಂದು ವನಮಾಲಾ ಮೊದಲ ದಿನದಿಂದಲೇ ಎರಡೆರಡು ನುಂಗಿದಳು.

ಮಾತ್ರೆ ಕೆಲಸ ಮಾಡಿತು. ಮಾಡದಿದ್ದರೆ ಈ ಕತೆ ಅಲ್ಲಿಗೇ ಮುಗಿದು ಅವಳು ಸುಖವಾಗಿರುತ್ತಿದ್ದಳು. ಹಸಿವು ಎಂಬುದೇ ಮಾಯವಾಯಿತು. ಉಳಿದ ಉಪ್ಪಿಟ್ಟನ್ನು ಹಸುವಿಗೆ ಹಾಕಿಬಂದಳು. ನಿದ್ದೆ ಹೋಯಿತು, ಹೋಗಲಿ, ನಿದ್ದೆಯಿಂದಲೂ ಮೈ ಬರುತ್ತದಂತೆ ಎಂದುಕೊಂಡಳು. ರವಿಕೆಗಳು ಸಡಿಲವಾದವು, ಬಳೆ ಮೊಳಕೈವರೆಗೆ ಜಾರತೊಡಗಿತು. ಚಂದ್ರಶೇಖರ ಮಿಲ್ಲಿನಿಂದ ಬಂದು ಕಾಫಿ ಕುಡಿಯುತ್ತ, "ಏನು ಸಮಾಚಾರ, ಪುದುಪ್ಪೊಣ್ಣು ಹಾಗೆ ಕಾಣ್ತಿದ್ದೀಯಲ್ಲ" ಎಂದ. ಹೊಸ ಮದುಮಗಳು! ಅವಳು ಒಲೆಯ ಕಡೆ ತಿರುಗಿಕೊಂಡಳು, ಕಣ್ಣು ತುಂಬಿತ್ತು.

ಒಂದು ಭಾನುವಾರ ಅವನೇ ಬಾಯಿಬಿಟ್ಟು ಕರೆದ. ಅವಳು ಮೆಂತ್ಯ ಬಣ್ಣದ ರೇಷ್ಮೆ ಸೀರೆಯುಟ್ಟು ಒಂದು ಪಕ್ಕಕ್ಕೆ ಕಾಲು ಹಾಕಿ ಕೂತಳು. ಗಲ್ಲಿಯ ಹೆಂಗಸರು ಬಾಗಿಲಿಗೆ ಬಂದರು. ಎದುರುಮನೆಯ ಪೆರಿಯನಾಯಕಿ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು. ಪೇರೂರಿನ ದಾರಿಯುದ್ದಕ್ಕೂ ಗಾಳಿ ಸೆರಗನ್ನು ಎಳೆಯುತ್ತಿತ್ತು, ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಸಂತೋಷಕ್ಕೆ ಹೀಗಾಗುತ್ತದೆ ಎಂದು ಅವಳು ನಂಬಿದಳು. ಹಾಗೆ ನಂಬಬೇಡ ಎಂದು ಹೇಳುವ ಮನಸ್ಸು ಯಾರಿಗೆ ಬರುತ್ತದೆ? ಅಷ್ಟು ವರ್ಷದ ಸಂಸಾರದಲ್ಲಿ ಅವಳ ಪಾಲಿಗೆ ಬಂದ ಒಳ್ಳೆಯ ಸಂಜೆ ಅದೊಂದು.

ಆಮೇಲೆ ಸಂತೋಷವಿಲ್ಲದಾಗಲೂ ಎದೆ ಹೊಡೆದುಕೊಳ್ಳತೊಡಗಿತು. ಬೆರಳು ನಡುಗಿ ಕಾಫಿ ಲೋಟದಿಂದ ತುಳುಕುತ್ತಿತ್ತು. ಕೆನ್ನೆ ಒಳಗೆ ಹೋಗಿ ಕಣ್ಣು ಮುಂದೆ ಬಂತು. ಹಿಂದೆ ದಪ್ಪ ಎಂದವರೇ ಈಗ ನಲ್ಲಿಯ ಹತ್ತಿರ ತಗ್ಗಿದ ದನಿಯಲ್ಲಿ ಕ್ಷಯವಿರಬೇಕು ಎಂದರು. ಆ ಮಾತು ಕಿವಿಗೆ ಬಿದ್ದ ದಿನವೇ ಸರಸ್ವತಮ್ಮನವರು ಅವಳ ಲೋಟ, ತಟ್ಟೆ ಬೇರೆ ಮಾಡಿದರು, ಭಾಮಾಳನ್ನು ತಮ್ಮ ಪಕ್ಕದಲ್ಲಿ ಮಲಗಿಸಿಕೊಂಡರು. ದಪ್ಪಗಿದ್ದರೆ ಒರಳುಕಲ್ಲು, ಬಡವಾದರೆ ಕ್ಷಯರೋಗಿ. ಕೂತರೂ ತಪ್ಪು, ನಿಂತರೂ ತಪ್ಪು. ವನಮಾಲಾ ಅದನ್ನೂ ನುಂಗಿದಳು, ಮಾತ್ರೆಯ ಜೊತೆಗೆ.

ಅವಿನಾಶಿಯಲ್ಲಿ ಕಂಪನಿಯ ಗಿರಾಕಿಯೊಬ್ಬರ ಮನೆಯ ಗೃಹಪ್ರವೇಶ. ಚಂದ್ರಶೇಖರ ಅವಳನ್ನು ಹಿಂದೆ ಕೂರಿಸಿಕೊಂಡು ಅಷ್ಟು ದೂರ ಹೋದ. ಅಲ್ಲಿ ಮಿಲ್ಲಿನ ದೊಡ್ಡವರ ಹೆಂಡಂದಿರಿಗೆ ಅವಳನ್ನು ಪರಿಚಯ ಮಾಡಿಕೊಡುವಾಗಲೇ ಅವಳಿಗೆ ಕಣ್ಣು ಕತ್ತಲೆ ಬಂತು. ಹಿಡಿದುಕೊಳ್ಳಲು ಕೈ ಚಾಚಿದಳು. ಸಿಕ್ಕಿದ್ದು ಹಾಲಿನ ಪಾತ್ರೆ. ಪಾತ್ರೆಯ ಸಮೇತ ಹೊಸ ಮನೆಯ ನಡುಮನೆಯಲ್ಲಿ ಬಿದ್ದಳು. ಗೃಹಪ್ರವೇಶದ ದಿನ ಹಾಲು ಚೆಲ್ಲಿದ ಅಪಶಕುನಕ್ಕೆ ಮನೆಯವರು ಮುಖ ಹುಳ್ಳಗೆ ಮಾಡಿದರು. ಅವಳನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿ ಕಳಿಸಿ, ಚಂದ್ರಶೇಖರ ಸ್ಕೂಟರಿನಲ್ಲಿ ಒಬ್ಬನೇ ಹಿಂದೆ ಬಂದ.

ಡಾಕ್ಟರು ತಮಿಳರು, ವಯಸ್ಸಾದವರು. ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಕ್ಷಯವಲ್ಲ ಎಂದರು. ಏನಾದರೂ ಔಷಧ ತಗೊಳ್ಳುತ್ತೀಯಾ ಎಂದು ಕೇಳಿದಾಗ ಅವಳು ಸೊಂಟದ ಚೀಲದಿಂದ ಸೀಸೆ ತೆಗೆದು ಮುಂದಿಟ್ಟಳು. ಡಾಕ್ಟರು ಅದನ್ನು ತಿರುಗಿಸಿ ನೋಡಿ ತಮಿಳಿನಲ್ಲೇ ಕೇಳಿದರು, ಇಳೈಪ್ಪು ಯಾವಾಗಿನಿಂದ ಎಂದು.

"ಇದನ್ನು ತಗೊಂಡ ಮೇಲಿಂದ, ಸಾರ್" ಎಂದಳು ವನಮಾಲಾ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವರು ನಗಲಿಲ್ಲ. ನಕ್ಕವನು ಚಂದ್ರಶೇಖರ. ಉಬ್ಬಸದ ಮಾತ್ರೆ ತಿಂದು ತೆಳ್ಳಗಾಗಲು ಹೊರಟಳು ಎಂದು ಹೊಟ್ಟೆ ಕುಲುಕಿಸಿ ನಕ್ಕ, ಮುಂದೆ ಎಷ್ಟೋ ತಿಂಗಳು ಗೆಳೆಯರಿಗೆಲ್ಲ ಹೇಳಿ ನಗಿಸಿದ. ಅವಳು ಯಾಕೆ ಹೊರಟಳು ಎಂಬುದನ್ನು ಮಾತ್ರ ಕತೆಯಲ್ಲಿ ಸೇರಿಸುತ್ತಿರಲಿಲ್ಲ.

"ಹಸಿವಿಗೆ ಬೀಗ ಹಾಕಿದ್ದೀಯಮ್ಮ, ಅಷ್ಟೇ. ಬೀಗ ತೆಗೆದ ದಿನ ಹೋದ ತೂಕವೆಲ್ಲ ವಾಪಸು ಬರತ್ತೆ. ಇದೊಂದೇ ಅಲ್ಲ, ತೆಳ್ಳಗೆ ಮಾಡ್ತೀವಿ ಅಂತಲೇ ಅಂಗಡೀಲಿ ಮಾರ್ತಾರಲ್ಲ, ಅವೂ ಹೀಗೇ. ಎದೇನ ಓಡಿಸಿ ಮೈ ಇಳಿಸೋದು. ಎದೆ ಎಷ್ಟು ದಿನ ಓಡತ್ತೆ?" ಎಂದರು ಡಾಕ್ಟರು.

ವನಮಾಲಾ ತಲೆ ತಗ್ಗಿಸಿ ಕೇಳಿದಳು. ಕೊನೆಗೆ, "ಸಾರ್, ದಿನಕ್ಕೆ ಅರ್ಧ ಮಾತ್ರೆ ತಗೊಂಡರೆ?" ಎಂದಳು.

ಡಾಕ್ಟರು ಗಂಡನ ಮುಖ ನೋಡಿದರು. ಚಂದ್ರಶೇಖರ ಕಿಟಕಿಯ ಕಡೆ ನೋಡುತ್ತಿದ್ದ. ಬೇಡ ಎನ್ನಲು ಅವನಿಗೆ ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಅವನ ಬಾಯಿಂದ ಬರಲಿಲ್ಲ, ಡಾಕ್ಟರೇ ಸೀಸೆಯನ್ನು ಮೇಜಿನ ಒಳಗೆ ಹಾಕಿ ಬೀಗ ತಿರುಗಿಸಿದರು.

ಡಾಕ್ಟರು ಹೇಳಿದ ಹಾಗೇ ಆಯಿತು. ಹಸಿವು ಬಡ್ಡಿ ಸಮೇತ ಬಂತು. ಮುಂದಿನ ದೀಪಾವಳಿಗೆ ಅವಳು ಮೊದಲಿಗಿಂತ ಒಂದು ಸುತ್ತು ಹೆಚ್ಚೇ ಆದಳು. ಹೋದ ಮೈ ಬಂತು, ಹೋದ ಎದೆ ಬರಲಿಲ್ಲ. ಮಹಡಿ ಹತ್ತಿದರೆ ನಡುವೆ ಎಲ್ಲೋ ಒಂದು ಬಡಿತ ತಪ್ಪಿ ಕಣ್ಣು ಕತ್ತಲೆ ಬರುತ್ತಿತ್ತು. ಸ್ಕೂಟರಿನ ಹಿಂದಿನ ಸೀಟಿಗೆ ಚಂದ್ರಶೇಖರ ಸ್ಯಾಂಪಲ್ ಪೆಟ್ಟಿಗೆ ಕಟ್ಟಿಸಿದ. ಅವಳು ಕೇಳಲಿಲ್ಲ, ಅವನು ಕರೆಯಲಿಲ್ಲ. ಸರಸ್ವತಮ್ಮನವರು ಲೋಟ, ತಟ್ಟೆಗಳನ್ನು ಮತ್ತೆ ಒಟ್ಟು ಮಾಡಿದರು, ಅದೊಂದು ದೊಡ್ಡ ಉಪಕಾರವೆಂಬ ಹಾಗೆ.

ಐವತ್ತೊಂಬತ್ತರಲ್ಲಿ ಭಾಮಾ ದೊಡ್ಡವಳಾದಳು. ಹದಿಮೂರರ ಹುಡುಗಿ, ತಾಯಿಯ ಮೈಕಟ್ಟು, ದುಂಡು ಮುಖ. ಒಂದು ದಿನ ಮಧ್ಯಾಹ್ನದ ಊಟಕ್ಕೆ ಕೂತ ಚಂದ್ರಶೇಖರ ಜೇಬಿನಿಂದ ಸೀಸೆಯೊಂದನ್ನು ತೆಗೆದು ನೆಲದ ಮೇಲಿಟ್ಟ. ಅದರ ಮೇಲೆ ಸೊಂಟ ಸಣ್ಣದಾದ ಹೆಂಗಸಿನ ಚಿತ್ರವಿತ್ತು.

"ಇದು ನಿನ್ನ ಉಬ್ಬಸದ ಮಾತ್ರೆ ಅಲ್ಲ ಕಣೇ, ಮದ್ರಾಸಿಂದ ತರಿಸಿದ್ದು, ಅಸಲು. ಭಾಮಾಗೆ ಈಗಿಂದ್ಲೇ ಕೊಡು. ಇವಳೂ ನಿನ್ನ ಹಾಗೇ ಆದ್ರೆ ನಾಳೆ ಯಾರು ಮದುವೆ ಆಗ್ತಾರೆ?"

ಭಾಮಾ ಪಕ್ಕದಲ್ಲೇ ಊಟಕ್ಕೆ ಕೂತಿದ್ದಳು. ವನಮಾಲಾ ಅನ್ನದ ಪಾತ್ರೆ ಕೆಳಗಿಟ್ಟಳು. ಸೀಸೆಯ ಮುಚ್ಚಳ ತಿರುಗಿಸಿ, ಎರಡು ಮಾತ್ರೆ ಅಂಗೈಗೆ ಸುರಿದುಕೊಂಡು, ಗಂಡನ ತಟ್ಟೆಯಲ್ಲಿ ಅನ್ನದ ಪಕ್ಕಕ್ಕೆ ಬಡಿಸಿದಳು.

"ನೀವು ಮೊದಲು ನುಂಗಿ. ಹೊಟ್ಟೆ ನಿಮಗೂ ಇದೆ. ರಾತ್ರಿಯೆಲ್ಲ ಎದೆ ಹೊಡ್ಕೊಳ್ಳೋದನ್ನ ಒಂದು ವಾರ ಕೇಳಿ. ಆಮೇಲೆ ನಿಮ್ಮ ಕೈಯಾರೆ ಮಗಳ ಬಾಯಿಗೆ ಹಾಕಿ."

ಆ ಮನೆಯಲ್ಲಿ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಚಂದ್ರಶೇಖರ ಮಾತ್ರೆಗಳನ್ನು ಬೆರಳ ತುದಿಯಿಂದ ತಟ್ಟೆಯಾಚೆ ತಳ್ಳಿ, ಹುಚ್ಚು ಹಿಡಿದಿದೆ ಇವಳಿಗೆ ಎಂದು ಗೊಣಗಿ, ತಲೆ ಬಗ್ಗಿಸಿ ಉಣ್ಣತೊಡಗಿದ. ವನಮಾಲಾ ಸೀಸೆಯನ್ನು ಬಚ್ಚಲಿಗೆ ಒಯ್ದು ಸುರಿದು, ನೀರು ಹೊಯ್ದು ಬಂದಳು. ಗೆದ್ದೆ ಎಂದು ಅವಳಿಗೆ ಅನಿಸಿತು. ಅನ್ನದ ಪಾತ್ರೆ ಎತ್ತಿಕೊಂಡು ಮಗಳ ಮುಂದೆ ಬಗ್ಗಿದಳು.

ಭಾಮಾ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. "ಸಾಕಮ್ಮಾ" ಎಂದಳು. ತಟ್ಟೆಯಲ್ಲಿ ಅಲ್ಲಿಯವರೆಗೆ ಒಂದಗುಳೂ ಬಿದ್ದಿರಲಿಲ್ಲ.